ಶಾಲೆ ಬಿಟ್ಟರೆ ಉಸುಕಿನ ಆಟ: ಮಗನನ್ನು ಕ್ಲಾಸಿಗೆ ಹಾಕಬೇಕೇ?

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದವರು. ಮಗನಿಗೆ ಆರು ವರ್ಷ. ಶಾಲೆಯಿಂದ ಬಂದವನೇ ಓಣಿಯ ಹುಡುಗರ ಜೊತೆ ಪಕ್ಕದ ಪ್ಲಾಟಿಗೆ ಓಡುತ್ತಾನೆ. ಅಲ್ಲಿ ಮನೆ ಕಟ್ಟಲು ಉಸುಕು ಹಾಕಿದ್ದಾರೆ. ಕತ್ತಲಾಗುವವರೆಗೂ ಆಟ, ಜಗಳ. ‘ಸುಮ್ನೆ ಟೈಮ್ ಹಾಳು, ಅಬಾಕಸ್‌ಗೆ ಹಾಕು’ ಅಂತ ನಾದಿನಿ ಹೇಳುತ್ತಾರೆ. ಹಾಕಲೇ?

ಉತ್ತರ: ನಿಮ್ಮ ಮಗ ಟೈಮ್ ಹಾಳು ಮಾಡುತ್ತಿಲ್ಲ. ಒಂದು ಸಂಜೆ ದೂರ ನಿಂತು ನೋಡಿ. ಒಣ ಉಸುಕಿನ ಗೋಡೆ ನಿಲ್ಲುವುದಿಲ್ಲ. ಸ್ವಲ್ಪ ನೀರು ಬೆರೆಸಿದರೆ ನಿಲ್ಲುತ್ತದೆ, ಜಾಸ್ತಿಯಾದರೆ ಕುಸಿಯುತ್ತದೆ. ಇದನ್ನು ಅವನು ಕಟ್ಟಿ, ಕೆಡವಿ, ಮತ್ತೆ ಕಟ್ಟಿ ಕಂಡುಕೊಳ್ಳುತ್ತಾನೆ.

ಜಗಳಕ್ಕೆ ನಾನು ಇನ್ನೂ ಹೆಚ್ಚು ಬೆಲೆ ಕೊಡುತ್ತೇನೆ. ಲಗೋರಿಯಲ್ಲಿ ‘ನೀ ಔಟ್!’ ‘ಏ, ನನಗ ಚೆಂಡು ಬಡದಿಲ್ಲ!’ ಅಂತ ಕೂಗಾಡುತ್ತಾರಲ್ವಾ? ತೀರ್ಪು ಹೇಳಲು ದೊಡ್ಡವರಿಲ್ಲ. ಹಟ ಹಿಡಿದರೆ ಆಟವೇ ನಿಲ್ಲುತ್ತದೆ. ಅದಕ್ಕೇ ಸಿಟ್ಟು ನುಂಗುತ್ತಾರೆ, ಹೊಸ ನಿಯಮ ಮಾಡಿಕೊಳ್ಳುತ್ತಾರೆ, ಪುಟ್ಟವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಾರೆ. ಮಗು ತನ್ನನ್ನು ತಾನು ಅತಿ ಹೆಚ್ಚು ಹಿಡಿತದಲ್ಲಿಟ್ಟುಕೊಳ್ಳುವುದು ಆಟದಲ್ಲೇ ಎಂದು ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರಲ್ಲೇ ಹೇಳಿದ್ದರು. ತರಗತಿಯಲ್ಲಿ ಗಮನವಿಟ್ಟು ಕೂರಲೂ ಇದೇ ಹಿಡಿತ ಬೇಕು. ಹೊಡೆದಾಟವಾದರೆ ಮಾತ್ರ ನಡುವೆ ಹೋಗಿ.

5 ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಮಗನಿಗೆ ಅದು ತಾನಾಗಿ ಸಿಗುತ್ತಿದೆ.

ಅಬಾಕಸ್ ಕೆಟ್ಟದ್ದಲ್ಲ. ಅವನಿಗೆ ಇಷ್ಟವಿದ್ದರೆ ವಾರಕ್ಕೆ ಎರಡು ದಿನ ಕಳಿಸಿ. ಉಳಿದ ಸಂಜೆ ಅವನಿಗೇ ಇರಲಿ. ಓದು ಬರಹ ಆಟವೊಂದರಿಂದಲೇ ಬರುವುದಿಲ್ಲ ನಿಜ, ರಾತ್ರಿ ಸ್ವಲ್ಪ ಹೊತ್ತು ಜೊತೆಗೆ ಕೂತು ಓದಿಸಿ. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯಿಂದ ಎತ್ತು ತರುವ ಬದಲು ಎರೆಮಣ್ಣು ಕೊಡಿ. ಮಣ್ಣು ನಾದಿದ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲವೂ ಬರುತ್ತದೆ. ಎತ್ತಿನ ಕೋಡು ಸೊಟ್ಟಗಿದ್ದರೆ ದಯವಿಟ್ಟು ತಿದ್ದಬೇಡಿ.

ಆದರೆ ಆ ಪ್ಲಾಟನ್ನು ನೀವೇ ಒಮ್ಮೆ ನೋಡಿ ಬನ್ನಿ. ಮೊಳೆ, ಗಾಜು ಇದ್ದರೆ ತೆಗೆಸಿ. ನೀರಿನ ತೊಟ್ಟಿ ಮುಚ್ಚಿರಬೇಕು. ಉಸುಕಿನ ರಾಶಿಯಲ್ಲಿ ಸುರಂಗ ಕೊರೆಯಲು ಬಿಡಲೇಬೇಡಿ, ಕುಸಿದು ಮೈಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ. ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಸಿ. 5-6 ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್ ಆಗಿದೆಯೇ ಎಂದು ಲಸಿಕೆ ಕಾರ್ಡ್ ನೋಡಿ. ಆಗಿಲ್ಲದಿದ್ದರೆ ಈ ವಾರವೇ ಹಾಕಿಸಿ, ಧನುರ್ವಾತದಿಂದ ರಕ್ಷಣೆ ಸಿಗುತ್ತದೆ.