ಮಕ್ಕಳನ್ನು ಕ್ಲಾಸಿಗೆ ಬಿಟ್ಟು ನೀವು ಕಾರಲ್ಲಿ ಕೂರಬೇಡಿ

ವಂದನೆಗಳು ಸಿಸ್ಟರ್. ಅಮೆರಿಕಕ್ಕೆ ಹೊಸದಾಗಿ ಬಂದಿದ್ದೇವೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಮನೆ ಹತ್ತಿರದ ಯುನೈಟೆಡ್ ಮೆಥಡಿಸ್ಟ್ ಚರ್ಚಿಗೆ ಹೋಗುತ್ತಿದ್ದೇವೆ ಅಂತ ಬರೆದಿದ್ದೀರಿ. ಆರಾಧನೆಗೆ ಮೊದಲು ಒಂದು ಗಂಟೆ ಎಲ್ಲ ವಯಸ್ಸಿನವರಿಗೂ ಬೈಬಲ್ ಕ್ಲಾಸ್, ಅಂದರೆ ಸಂಡೇ ಸ್ಕೂಲ್, ಇದೆಯಂತೆ. ಮಕ್ಕಳಿಬ್ಬರನ್ನು ಒಳಗೆ ಬಿಟ್ಟು ನೀವಿಬ್ಬರೂ ಕಾರಲ್ಲಿ ಕಾಯಬಹುದಾ, ದುಡ್ಡು ಕೊಡಬೇಕಾ, ಹೋದರೆ ಸದಸ್ಯರಾಗಲೇಬೇಕಾ ಅಂತ ಕೇಳಿದ್ದೀರಿ.

ದುಡ್ಡು ಬೇಡ, ಸದಸ್ಯತ್ವವೂ ಬೇಡ. ಕಾರಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಆದರೂ ಕೂರಬೇಡಿ.

ಇಲ್ಲಿ ಆರಾಧನೆ ಮುಗಿದ ಕೂಡಲೇ ಬಾಗಿಲಲ್ಲಿ ಪಾಸ್ಟರ್ ಕೈಕುಲುಕುತ್ತಾರೆ, ನಾಲ್ಕು ಜನ ನಗುತ್ತಾರೆ, ಎಲ್ಲರೂ ಕಾರು ಹತ್ತುತ್ತಾರೆ. ವರ್ಷಗಟ್ಟಲೆ ಹೀಗೆ ಹೋಗಿ ಬಂದರೂ ನಿಮ್ಮ ಹೆಸರು ಗೊತ್ತಿರುವವರು ಇಬ್ಬರೋ ಮೂವರೋ ಇರುತ್ತಾರೆ. ನಿಮ್ಮನ್ನು ಗುರುತಿಸುವುದು ಕ್ಲಾಸು. ಹತ್ತು ಹನ್ನೆರಡು ಜನ, ಪ್ರತಿ ವಾರ ಅದೇ ಮುಖಗಳು. ಎರಡು ವಾರ ತಪ್ಪಿಸಿದರೆ ಫೋನ್ ಬರುತ್ತದೆ. ನನಗೆ ಎರಡನೇ ಮಗು ಹುಟ್ಟಿದಾಗ ಇಲ್ಲಿ ಅಮ್ಮನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಇಂಥಾ ದಿನ ಇಂಥವರು ಊಟ ತರುವುದು ಅಂತ ಪಟ್ಟಿ ಮಾಡಿ ಮನೆ ಬಾಗಿಲಿಗೆ ತಂದುಕೊಟ್ಟವರು ಆ ಕ್ಲಾಸಿನವರೇ.

ದೊಡ್ಡವರಿಗೇಕೆ ಸಂಡೇ ಸ್ಕೂಲ್ ಅಂತ ನಿಮ್ಮ ಯಜಮಾನರು ನಕ್ಕರಂತೆ. ನಗುವುದು ಸಹಜ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಶುರುಮಾಡಿದ್ದು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಭಾನುವಾರ ಓದು ಕಲಿಸಲು. ಅಮೆರಿಕದಲ್ಲಿ ಅದು ದೊಡ್ಡವರಿಗೂ ಹಬ್ಬಿತು. ಎಂಬತ್ತು ದಾಟಿದವರೂ ಬೈಬಲ್ ಕಂಕುಳಲ್ಲಿ ಇಟ್ಟುಕೊಂಡು ಕ್ಲಾಸಿಗೆ ಬರುತ್ತಾರೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಶಾಲೆಯೇ ನಿಂತು ಪ್ರಾರ್ಥನೆ ಮಾಡಿಸುವಂತಿಲ್ಲ, ಭಕ್ತಿಗಾಗಿ ಬೈಬಲ್ ಓದಿಸುವಂತಿಲ್ಲ. 1962 ಮತ್ತು 1963ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಒಳ್ಳೆಯದೇ ಅನ್ನಿ, ಎಲ್ಲ ಧರ್ಮದ ಮಕ್ಕಳೂ ಅಲ್ಲಿ ಓದುತ್ತಾರಲ್ವಾ. ಹಾಗಾಗಿ ಆ ಕೆಲಸ ಮನೆಗೂ ಚರ್ಚಿಗೂ ಬಿದ್ದಿದೆ. ಚರ್ಚಿನಲ್ಲಿ ಮಕ್ಕಳನ್ನು ಶಾಲೆಯ ಗ್ರೇಡ್, ಅಂದರೆ ಎಷ್ಟನೇ ತರಗತಿ ಅಂತ ನೋಡಿ ಕೂರಿಸುತ್ತಾರೆ. ಹೊಸ ಶಾಲಾ ವರ್ಷದ ಹೊತ್ತಿಗೆ, ಆಗಸ್ಟ್-ಸೆಪ್ಟೆಂಬರಿನಲ್ಲಿ, ಮುಂದಿನ ಕ್ಲಾಸಿಗೆ ಹತ್ತಿಸುತ್ತಾರೆ.

ಚಿಕ್ಕವನನ್ನು ಬಿಡುವಾಗ ಅವನ ಅಂಗಿಗೆ ಒಂದು ಸ್ಟಿಕರ್ ಅಂಟಿಸಿ, ಅದೇ ನಂಬರಿನ ಇನ್ನೊಂದು ಚೀಟಿ ನಿಮಗೆ ಕೊಡಬಹುದು. ಅದನ್ನು ಜೋಪಾನ ಮಾಡಿ. ಚೀಟಿ ಇಲ್ಲದೆ ಹೋದರೆ ಅಪ್ಪನೇ ಆದರೂ ಸುಲಭಕ್ಕೆ ಮಗು ಕೊಡುವುದಿಲ್ಲ. ಕಡಲೆಬೀಜ, ಹಾಲು ಏನಾದರೂ ಆಗದಿದ್ದರೆ ಮೊದಲೇ ಬರೆಸಿಬಿಡಿ, ಒಳಗೆ ತಿಂಡಿ ಕೊಡುತ್ತಾರೆ. ಮುಂದೆ ನಿಮಗೇ ಮಕ್ಕಳಿಗೆ ಕಲಿಸುವ ಆಸೆಯಾದರೆ ಮೊದಲು ಹಿನ್ನೆಲೆ ತಪಾಸಣೆಗೆ ಸಹಿ ಕೇಳುತ್ತಾರೆ. ನಮ್ಮ ಮೇಲೆ ಅನುಮಾನವಾ ಅಂತ ಬೇಸರ ಬೇಡ, ಪಾಸ್ಟರಿಗೂ ಅದೇ ನಿಯಮ. ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಕೋಣೆಯಲ್ಲಿ ಇರಬಾರದು, ಇಬ್ಬರಿರಬೇಕು ಅನ್ನುವುದೂ ಇದೇ ಕಾರಣಕ್ಕೆ. ನನಗಂತೂ ಇದು ಇಲ್ಲಿ ತುಂಬಾ ಹಿಡಿಸಿದ ಪದ್ಧತಿ.

ಇನ್ನು ನಿಮ್ಮ ಕ್ಲಾಸು. ಪಾಠ ಹೇಳುವವರು ಸಾಮಾನ್ಯವಾಗಿ ಪಾಸ್ಟರ್ ಅಲ್ಲ, ಸಭೆಯವರೇ ಯಾರೋ ಒಬ್ಬರು. ನಮ್ಮಲ್ಲಿ ಬೈಬಲಿನ ಯೋಬನ ಪುಸ್ತಕ (ತಪ್ಪು ಮಾಡದೆಯೂ ಕಷ್ಟಕ್ಕೆ ಸಿಕ್ಕವನ ಕಥೆ) ನಡೆಸಿದವರು ವಾರವೆಲ್ಲ ಪ್ಲಂಬಿಂಗ್ ಕೆಲಸ ಮಾಡುವವರು. ಒಂದು ದಿನ ಹಿರಿಯರೊಬ್ಬರು, "ಪಾಪ ಮಾಡಿದವರಿಗೇ ಕಷ್ಟ ಬರುತ್ತೆ ಅಂತ ಯೋಬನ ಸ್ನೇಹಿತರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮಮ್ಮ ನನಗೆ ಹೇಳಿಕೊಟ್ಟಿದ್ದೂ ಅದನ್ನೇ" ಅಂದರು. ನನಗೆ ಎದೆ ಧಸಕ್ ಅಂತು, ಈಗ ಬೈಗುಳ ಬೀಳುತ್ತೆ ಅಂತ. ಮೇಷ್ಟ್ರು 42ನೇ ಅಧ್ಯಾಯದ 7ನೇ ವಚನ ತೆಗೆದು, "ದೇವರಿಗೇ ಅವರ ಮೇಲೆ ಕೋಪ ಬಂದಿದೆ. ಆದರೆ ಯಾವ ಮಾತಿಗೆ ಅಂತ ನಾನೂ ಓದಿಕೊಂಡು ಬರಬೇಕು" ಅಂದರು. ಮುಂದಿನ ವಾರ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದರು. ಆಗಲೂ ಇಬ್ಬರು ಒಪ್ಪಲಿಲ್ಲ. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕಾಫಿ ಕುಡಿದರು.

ಹೀಗೆ ನಿಮ್ಮನ್ನೂ "ನಿಮಗೇನನ್ನಿಸುತ್ತೆ?" ಅಂತ ಕೇಳುತ್ತಾರೆ. ಪರೀಕ್ಷೆ ಅಲ್ಲ ಅದು. ಇವತ್ತು ಕೇಳಿಸಿಕೊಳ್ಳುತ್ತೇನೆ ಅಂದರೆ ಸಾಕು. ಇಂಗ್ಲಿಷಿನ ಭಯಕ್ಕೆ ಒಂದು ಉಪಾಯ: ನಿಮ್ಮ ಕನ್ನಡ ಸತ್ಯವೇದವನ್ನೇ ತೆರೆದುಕೊಂಡು ಕೂರಿ. ಅಧ್ಯಾಯ, ವಚನದ ಸಂಖ್ಯೆ ಬಹುತೇಕ ಒಂದೇ. ಅಲ್ಲಿ ಪಕ್ಕದವರು 1611ರ ಕಿಂಗ್ ಜೇಮ್ಸ್ ಅನ್ನುವ ಹಳೆಯ ಇಂಗ್ಲಿಷ್ ಅನುವಾದ ಓದುತ್ತಿರುತ್ತಾರೆ, ಅವರ ಪಕ್ಕದವರು ಎನ್‌ಐವಿ ಅನ್ನುವ ಹೊಸ ಅನುವಾದ. ನಿಮ್ಮದು ಇನ್ನೊಂದು, ಅಷ್ಟೇ. "ನಿಮ್ಮ ಭಾಷೆಯಲ್ಲಿ ಇದು ಹೇಗಿದೆ, ಓದಿ" ಅಂತ ಅವರೇ ಕೇಳುತ್ತಾರೆ ನೋಡಿ. ಕೊನೆಯಲ್ಲಿ ಪ್ರಾರ್ಥನೆ ವಿಷಯಗಳನ್ನು ಹೇಳಿಕೊಳ್ಳುತ್ತಾರೆ. ಅಲ್ಲಿ ಕೇಳಿದ ಇನ್ನೊಬ್ಬರ ಕಷ್ಟ ಅಲ್ಲೇ ಇರಲಿ, ನಮ್ಮವರ ವಾಟ್ಸಾಪ್ ಗುಂಪಿಗೆ ಬರುವುದು ಬೇಡ.

ಒಂದು ಎಚ್ಚರಿಕೆ. ವಾರದ ನಡುವೆ 'ಡಿಸೈಪಲ್' ಅಂತ ಒಂದು ಬೈಬಲ್ ಕೋರ್ಸ್ ನಡೆಯುತ್ತದೆ, ಬನ್ನಿ ಅಂತ ಯಾರಾದರೂ ಕರೆಯಬಹುದು. ಕೋರ್ಸ್ ಚೆನ್ನಾಗಿದೆ, ಆದರೆ 34 ವಾರ, ದಿನಾ ಓದುವುದಿರುತ್ತದೆ. ಮೊದಲ ವರ್ಷವೇ ತಲೆ ಕೊಡಬೇಡಿ.

ದೊಡ್ಡವಳಿಗೆ ಹನ್ನೆರಡು ಅಂದಿರಿ. ಮೆಥಡಿಸ್ಟರಲ್ಲಿ ದೃಢೀಕರಣದ (ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಹೇಳುವ ವಿಧಿ) ಕ್ಲಾಸು ಸುಮಾರಾಗಿ ಆ ವಯಸ್ಸಿಗೇ ಬರುತ್ತದೆ. ಪಾಸ್ಟರಿಗೆ ಈಗಲೇ ಹೇಳಿಡಿ. ಅವಳು ಮಗುವಾಗಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದ್ದರೆ ಇಲ್ಲಿ ಮತ್ತೆ ಮಾಡುವುದಿಲ್ಲ. 1947ರಲ್ಲಿ ಸಿಎಸ್‌ಐ ಆದಾಗ ಅದರೊಳಗೆ ಸೇರಿದವರಲ್ಲಿ ಮೆಥಡಿಸ್ಟರೂ ಇದ್ದರು, ಅಷ್ಟೇನೂ ದೂರದವರಲ್ಲ. ಅವಳ ಶಾಲೆಯ ಗೆಳತಿ ಬ್ಯಾಪ್ಟಿಸ್ಟ್ ಸಭೆಗೆ ಕರೆಯುತ್ತಿದ್ದಾಳೆ ಅಂದಿರಲ್ಲ, ಕಳಿಸಿ, ತೊಂದರೆ ಇಲ್ಲ. ಆದರೆ ಅವರು ಶಿಶು ದೀಕ್ಷಾಸ್ನಾನವನ್ನು ಒಪ್ಪುವುದಿಲ್ಲ, ತಾನಾಗಿ ನಂಬಿ ಅರಿಕೆ ಮಾಡಿದ ಮೇಲೆ ನೀರಲ್ಲಿ ಮುಳುಗಿಸುತ್ತಾರೆ. ಅಲ್ಲಿ ಹೋಗಿ ಗಲಿಬಿಲಿ ಆಗುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ.

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್) ಇರುತ್ತದೆ, ಸಾಮಾನ್ಯವಾಗಿ ಒಂದು ವಾರ. ಅದಕ್ಕೆ ಕೆಲವು ಕಡೆ ಸ್ವಲ್ಪ ಶುಲ್ಕ ಇರುತ್ತದೆ, ಜಾಗವೂ ಬೇಗ ತುಂಬುತ್ತದೆ. ಹೆಸರು ಬರೆಸುವುದು ಯಾವಾಗ ಅಂತ ಆಫೀಸಿನಲ್ಲಿ ಈಗಲೇ ಕೇಳಿಡಿ.

ಯಜಮಾನರು ಕ್ಲಾಸಿಗೆ ಬರುವುದೇ ಇಲ್ಲ ಅಂದರೆ ಎಳೆಯಬೇಡಿ. ಗಂಡಸರು ಶನಿವಾರ ಬೆಳಿಗ್ಗೆ ಸೇರಿ ತಿಂಡಿ ತಿನ್ನುವ ಗುಂಪು ಬಹಳಷ್ಟು ಸಭೆಗಳಲ್ಲಿ ಇರುತ್ತದೆ. ಮೊದಲು ಅಲ್ಲಿಗೆ ಕಳಿಸಿ. ಬೈಬಲ್ ಓದು ಹತ್ತು ನಿಮಿಷ, ಫುಟ್‌ಬಾಲ್ ಮಾತು ಒಂದು ಗಂಟೆ.