ರವೆ ಕೂಡಿಸೋ ಗುಟ್ಟಿನ ಬೆನ್ನು ಹತ್ತಿದ ಕಾಸ್ಟೆಲ್ಲಾನಿ

ಪ್ರಶ್ನೆ: ನಮ್ಮಪ್ಪ ಪತ್ತಾರಕಿ ಮಾಡ್ತಾರ್ರೀ. ಮೊನ್ನೆ ಫೋನಿನಾಗ ಇಟಲಿದು ಒಂದು ಹಳೇ ಪದಕದ ಫೋಟೋ ನೋಡಿದ್ವಿ, ಮೈತುಂಬ ಬಂಗಾರದ ಸಣ್ಣ ಸಣ್ಣ ರವೆ, ಬೆಸುಗೆ ಎಲ್ಲೈತಿ ಅಂತನೇ ಕಾಣವಲ್ದು. ಕೆಳಗ ಕಾಸ್ಟೆಲ್ಲಾನಿ ಅಂತ ಇತ್ತು. ಯಾರ್ರೀ ಇವ, ಹೆಂಗ ಕೂಡಿಸ್ಯಾನ?
– ಒಬ್ಬ ಓದುಗ, ಕಲಬುರಗಿ

ಉತ್ತರ: ಫೋರ್ಚುನಾಟೊ ಪಿಯೊ ಕಾಸ್ಟೆಲ್ಲಾನಿ ಅಂತ, ರೋಮ್ ಊರಿನ ಅಕ್ಕಸಾಲಿಗ, 1794ರಾಗ ಹುಟ್ಟಿ 1865ರಾಗ ತೀರ್ಕೊಂಡ. ಮೊದಲಿಗೆ ಎಲ್ಲಾರಂಗ ಫ್ರಾನ್ಸ್, ಇಂಗ್ಲೆಂಡ್ ಫ್ಯಾಷನ್ನಿನ ಒಡವಿನೇ ಮಾಡ್ತಿದ್ದ. 1836ರಾಗ ಚೆರ್ವೆತೆರಿ ಅನ್ನೋ ಊರಾಗ ರೋಮನ್ನರಿಗಿಂತ ಮೊದಲು ಇಟಲಿಯಾಗ ಬಾಳಿದ ಎಟ್ರುಸ್ಕನ್ ಜನರ ಒಂದು ಗೋರಿ ಸಿಕ್ತು, ಸುಮಾರು 2,600 ವರ್ಷದ ಹಿಂದಿಂದು, ಅದರಾಗಿನ ಬಂಗಾರ ನೋಡಿದ ಮ್ಯಾಲ ಅಪ್ಪ ಮಕ್ಕಳಿಗೆ ಅದರದೇ ಹುಚ್ಚು ಹಿಡೀತು. ಅರ್ಧ ಮಿಲಿಮೀಟರಿಗಿಂತ ಸಣ್ಣ ರವೆ, ಒಂದರ ಮಗ್ಗಲಿಗೆ ಒಂದು, ಆದ್ರ ಒಂದೂ ಕರಗಿ ಚಪ್ಪಟೆ ಆಗಿಲ್ಲ! ನಾವು ಬಿಳಿಗಾರ (ಬೊರಾಕ್ಸ್) ಹಚ್ಚಿ ಬೆಸುಗೆ ಹಾಕಿದ್ರ ಆ ಬೆಸುಗೆ ಕರಗಿ ರವೆಗಳ ಸಂದಿನಾಗ ತುಂಬ್ಕೊಂಡು ಬಿಡ್ತದ, ಗುಂಡಗಿದ್ದದ್ದು ಅರ್ಧ ಮುಳುಗ್ತದ, ಇದು ನಿಮ್ಮಪ್ಪಗ ನನಗಿಂತ ಚೆಂದ ಗೊತ್ತಿರ್ತದ.

ಮಕ್ಕಳು ಅಲೆಸ್ಸಾಂಡ್ರೊ, ಅಗಸ್ಟೊ ಹುಡುಕ್ತಾ ಹೋಗಿ ಸಾಂತ್ ಆಂಜೆಲೊ ಇನ್ ವಾಡೊ ಅನ್ನೋ ಗುಡ್ಡದ ಊರಾಗ ಹಳೇ ಪದ್ಧತಿ ಬಿಡದ ಕೆಲಸಗಾರರನ್ನ ಕಂಡು ರೋಮಿಗೆ ಕರ್ಕೊಂಡು ಬಂದ್ರು. ಬಿಳಿಗಾರ ಬಿಟ್ಟು ಆರ್ಸೆನಿಕ್ ಉಪ್ಪು ಹಚ್ಚಿದ್ರು, ಬೆಸುಗೆನ ಅರದಿಂದ ಉಜ್ಜಿ ಹಿಟ್ಟಿನಂಗ ನುಣ್ಣಗ ಮಾಡಿದ್ರು. ಭಾಳ ಹತ್ರ ಬಂದ್ರು, ಪೂರಾ ಸಿಗಲಿಲ್ಲ. ಹೆಸರೆಲ್ಲ ಕಾಸ್ಟೆಲ್ಲಾನಿಗೆ ಹೋಯ್ತು, ಆ ಹಳ್ಳಿ ಕೈಗಳಿಗೆ ಅಷ್ಟು ಹೆಸರು ಬರಲಿಲ್ಲ, ನನಗಂತೂ ಇದು ಸರಿ ಅನಿಸಲ್ಲ. ಬೀದರದಾಗ ಬಿದ್ರಿ ಕಪ್ಪು ಮಾಡೋ ಕೋಟೆ ಮಣ್ಣನ್ನ ನಾಲಿಗಿ ಮ್ಯಾಲ ಇಟ್ಟು ಆರಿಸೋರು ಇನ್ನೂ ಅದಾರ, ಎಟ್ರುಸ್ಕನ್ನರ ಕಡೆ ಕೈಯಿಂದ ಕೈಗೆ ಬರೋ ವಿದ್ಯೆಯ ಆ ದಾರ ನಡುವನೇ ಹರಿದು ಹೋಗಿತ್ತು.

ಗುಟ್ಟು 1930ರ ದಶಕದಾಗ ಇಂಗ್ಲೆಂಡಿನ ಲಿಟಲ್‌ಡೇಲ್ ಅನ್ನೋರಿಗೆ ಸಿಕ್ತು. ಬೆಸುಗೆನೇ ಬ್ಯಾಡ. ತಾಮ್ರದ ಉಪ್ಪನ್ನ ಅಂಟಿನಾಗ ಕಲಸಿ ರವೆ ಕೂಡಿಸಿ ಕಾಯಿಸಿದ್ರ ಅಂಟು ಸುಟ್ಟು ಇದ್ದಲಿ ಆಗ್ತದ, ಅದು ತಾಮ್ರನ ಬಿಡಿಸ್ತದ, ಬಂಗಾರ ಕರಗಲಿಕ್ಕೆ 1064 ಡಿಗ್ರಿ ಬೇಕಾದ್ರೂ ತಾಮ್ರ ಕೂಡಿದ ಆ ಚುಕ್ಕಿಯಷ್ಟು ಜಾಗ 900ರ ಆಸುಪಾಸಿನಾಗೇ ಕರಗಿ ಹಿಡ್ಕೊಂತದ.

ನಿಮ್ಮಪ್ಪ ಮಾಡಿ ನೋಡೋದಾದ್ರ ಹೆಚ್ಚು ಕ್ಯಾರೆಟ್ಟಿನ ಬಂಗಾರ ತಗೊಳ್ಳಿ, ಆದ್ರ ಆ ಆರ್ಸೆನಿಕ್ ಗೊಡವಿಗೆ ಮಾತ್ರ ಹೋಗಬ್ಯಾಡ್ರಿ, ಅದರ ಹೊಗಿ ವಿಷ.