ಸೊಸಿ ಗೀಚ್ಲಿ ಬಿಡ್ರಿ, ಮಾಸ್ತರ

ಹಾವೇರಿಯಿಂದ ಒಬ್ಬ ರಿಟೈರ್ಡ್ ಮಾಸ್ತರು ಉದ್ದನ್ನ ಪತ್ರ ಬರದಾರ. ಸೊಸಿ ಮಧ್ಯಾಹ್ನ ಕೆಲಸ ಮುಗಿಸಿ ಬಾಗಿಲಾ ಹಾಕ್ಕೊಂಡು ‘ಝೆಂಟ್ಯಾಂಗಲ್’ ಅಂತ ಸಣ್ಣ ಕಾರ್ಡಿನ ಮ್ಯಾಲ ಗೆರಿ, ಸುರುಳಿ ತುಂಬಿಸ್ಕೊಂತ ಕೂಡತಾಳಂತ, ಇದು ಧ್ಯಾನ ಅಂತಾಳಂತ, ಪೆನ್ನಿಗೆ ರೊಕ್ಕ ಸುರೀತಾಳಂತ. ‘ನಮ್ಮ ಚುಕ್ಕಿ ರಂಗೋಲಿನ ಧ್ಯಾನ, ಕಸೂತಿನೂ ಐತಿ, ಎಲ್ಲಾ ನಮ್ಮಲ್ಲೇ ಇರಬೇಕಾದ್ರ ಈ ಅಮೆರಿಕದ ಗೀಚಾಟ ಯಾಕ, ಸಂಪಾದಕರು ನಾಕ ಮಾತು ಬರೀರಿ’ ಅಂದಾರ.

ಬರೀತೀನಿ ಸರ್, ಆದ್ರ ನಿಮಗ ಬೇಕಾದ ನಾಕ ಮಾತು ಅಲ್ಲ.

ಮೊದ್ಲ ನಿಮ್ಮ ಪಾಲಿಂದು ನಿಮಗ ಕೊಟ್ಟಬಿಡ್ತೀನಿ. ಹೌದು, ರಂಗೋಲಿ ಹಳೇದು, ಕಸೂತಿ ಹಳೇದು, ಇದು ಮೊನ್ನೆ ಮೊನ್ನೆದು. ಮ್ಯಾಸಚೂಸೆಟ್ಸ್‌ನ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ಅನ್ನೋರು 2003-04ರ ಸುಮಾರಿಗೆ ಶುರು ಮಾಡಿದ್ದು. ಆಕಿ ಅಕ್ಷರ ಬರಿಯೋ ಕಲಾವಿದೆ, ಆತ ಒಂದಷ್ಟು ವರ್ಷ ಸನ್ಯಾಸಿಯಾಗಿದ್ದಾಂವ. ಹೆಸರಿಗೆ ಟ್ರೇಡ್‌ಮಾರ್ಕ್ ಐತಿ, ಕಲಸೋರಿಗೆ ಸರ್ಟಿಫಿಕೇಟ್ ಕೋರ್ಸ್ ಐತಿ, ಧ್ಯಾನಕ್ಕ ಟ್ರೇಡ್‌ಮಾರ್ಕ್ ಯಾಕ ಬೇಕು ಅಂತ ನನಗೂ ನಗು ಬರತೈತಿ. ಇಷ್ಟು ನಿಮ್ಮ ಪಾಲು.

ಆದ್ರ ‘ಎಲ್ಲಾ ನಮ್ಮಲ್ಲೇ ಐತಿ’ ಅನ್ನೋದು ಐತಲ್ಲ, ಅದು ನನಗ ಸೇರಂಗಿಲ್ಲ. ಕಸೂತ್ಯಾಗಿನ ಗವಂತಿ ಅನ್ನೋ ಹೊಲಿಗಿ ಹಾಕೂದನ್ನ ಬಾಜೂಕ ಕುಂತು ನೋಡೀರೇನು? ದಾರಕ್ಕ ಗಂಟು ಹಾಕಂಗಿಲ್ಲ, ಬಟ್ಟಿ ಎಳಿ ಎಣಿಸ್ಕೊಂತ ಒಂದು ಬಿಟ್ಟು ಒಂದು ಹೊಲಕೊಂತ ಹೋಗಬೇಕು, ಬರೋ ಮುಂದ ಬಿಟ್ಟ ಜಾಗಾ ತುಂಬಕೊಂತ ಬರಬೇಕು, ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ಹೋಗೋ ಮುಂದ ಒಂದ ಎಳಿ ತಪ್ಪಿ ಎಣಿಸಿದ್ರ ಬರೋ ಮುಂದ ಗೋಪುರದ ತುದಿ ಕೂಡಂಗಿಲ್ಲ, ಅಲ್ಲೀತನಕ ಬಿಚ್ಚಬೇಕು. ನಿಮ್ಮ ಸೊಸಿ ಮಾಡೋದು ಇದರ ಉಲ್ಟಾ. ಮೂರೂವರಿ ಇಂಚಿನ ಚೌಕ ಕಾಗದ, ಮೂಲಿಗೊಂದು ಚುಕ್ಕಿ, ಪೆನ್ಸಿಲ್‌ಲೆ ಸಡ್ಲ ಗೆರಿ ಎಳದು ಕಾಗದ ಪಾಲು ಮಾಡಿ, ಒಂದೊಂದು ಪಾಲಿಗೆ ಕರೇ ಪೆನ್ನಲೆ ಒಂದೊಂದು ಚಿತ್ತಾರ ತುಂಬೋದು, ಆಮ್ಯಾಲ ನೆರಳು. ರಬ್ಬರ್ ಮುಟ್ಟಂಗಿಲ್ಲ. ತಪ್ಪಿದ ಗೆರಿ ಇಟ್ಕೊಂಡ ಮುಂದ ಹೋಗಬೇಕು. ಬೆಳಗಿಂದ ಹಾಲು ಉಕ್ಕಬಾರದು, ಪಲ್ಲೆಕ್ಕ ಉಪ್ಪು ಹೆಚ್ಚಾಗಬಾರದು ಅಂತ ಓಡಾಡೋ ಹೆಣಮಗಳಿಗೆ ತಪ್ಪಿದ್ರೂ ನಡೀತೈತಿ ಅನ್ನೋ ಒಂದು ಜಾಗಾ ಸಿಕ್ಕೈತಿ, ಅದಕ್ಕೂ ನಿಮ್ಮ ತಕರಾರ?

ರಂಗೋಲಿನ ಧ್ಯಾನ ಅಂತೀರಿ. ಯಾರಿಗ್ರಿ? ನಮ್ಮವ್ವ ಅಂಗಳಾ ಕಸಾ ಹೊಡದು, ನೀರು ಹೊಡದು, ಒಳಗ ಚಾಕ್ಕ ಇಟ್ಟು ಬಂದು ಚುಕ್ಕಿ ಕೂಡಸೂದ್ರಾಗ ಒಳಗಿಂದ ಯಾರರ ಕರೀತಿದ್ರು. ಅದನ್ನ ಧ್ಯಾನ ಅಂತ ಕರದವರು ಇನ್ನೂ ಹಾಸಿಗ್ಯಾಗ ಬಿದ್ದಿದ್ದ ನಾವು ಗಂಡಸರು.

ನಿಮ್ಮ ಸೊಸಿ ಹೇಳೋದು ಪೂರಾ ಸುಳ್ಳೂ ಅಲ್ಲ. 2016ರಾಗ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಮಂದಿಗೆ ಮಾರ್ಕರ್, ಮಣ್ಣು, ಕೊಲಾಜ್ ಸಾಮಾನು ಕೊಟ್ಟು 45 ನಿಮಿಷ ಏನರ ಮಾಡ್ರಿ ಅಂದ್ರು, ಸುಮಾರು 75% ಮಂದಿ ಉಗುಳಿನ್ಯಾಗ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಇಳದಿತ್ತು, ಮೊದ್ಲ ಚಿತ್ರ ತಗದ ರೂಢಿ ಇದ್ದವರಿಗೂ ಇಲ್ಲದವರಿಗೂ ಹೇಳಕೊಳ್ಳುವಂಥ ಫರಕ ಇರಲಿಲ್ಲ. ಸಣ್ಣ ಅಧ್ಯಯನ, ಔಷಧ ಅನ್ನಂಗಿಲ್ಲ ಬಿಡ್ರಿ.

ಇನ್ನ ಕಸೂತಿ ಅಭಿಮಾನದ ಮಾತು. ಇದು ಈ ಸೀಮಿದ ಕಲಾ ಅನ್ನೋ ಸರ್ಕಾರಿ ಗುರುತು, ಜಿಐ ಟ್ಯಾಗ್ ಬಂತು ಅಂತ ಎದಿ ಉಬ್ಬಿಸಿದಿವಿ, ಲಗ್ನದ ಜವಳಿಗೆ ಹೋದಾಗ ಮಷಿನ್ ಎಂಬ್ರಾಯಿಡರಿ ಸೀರಿ ಸೋವಿ ಅಂತ ಅದನ್ನ ಕಟ್ಟಸ್ಕೊಂಡು ಬರ್ತೀವಿ. ಸೆರಗು ತಿರುವಿ ನೋಡಿದ್ರ ಮಷಿನ್‌ದೋ ಕೈದೋ ಅಂತ ಹಿಂದಿನ ದಾರಾನ ಹೇಳತೈತಿ, ಆದ್ರ ತಿರುವೋ ಪುರಸೊತ್ತು ಯಾರಿಗೈತಿ? ಕೈಲೆ ಹಾಕಿದಾಕಿ ಕೂಲಿ ಕೇಳಿದ್ರ ‘ಕುಂತ ಮಾಡೋ ಕೆಲಸಕ್ಕ ಇಷ್ಟ್ಯಾಕವ್ವ’ ಅಂತೀವಿ. ಮತ್ತ ರೊಕ್ಕ ಬರಲಾರದ್ದು ಮಾಡಿದ್ರ ಟೈಂಪಾಸ್. ಹುಡುಗೂರು ಒಂದ ಚಿತ್ರ ತಗದ್ರ ಸಾಕು, ಕ್ಲಾಸಿಗೆ ಹಚ್ಚಿ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷಾ ಕಟ್ಟಸ್ತೀವಿ. ಮಗಾ ಊಟಾ ಆದಮ್ಯಾಲ ತಾಸಗಟ್ಟಲೆ ರೀಲ್ಸ್ ನೋಡೋದಕ್ಕ ಒಬ್ಬ ಅಪ್ಪನೂ ನಮಗ ಪತ್ರ ಬರದಿಲ್ಲ, ಸೊಸಿ ಪೆನ್ನಿಗೆ ಬರೀತೀರಿ!

ಸಿಟ್ಟಾಗಬ್ಯಾಡ್ರಿ, ನಿಮ್ಮ ಅಕ್ಷರ ಮಾತ್ರ ಮುತ್ತಿನಂಗ ಅದಾವ, ಅಂಥಾ ಕೈ ಸುಮ್ನ ಕುಂದ್ರಬಾರದು. ಆಕಿ ಕಡೆ ಒಂದು ಕಾರ್ಡ್ ಇಸಗೊಂಡು ನೀವೂ ತುಂಬಸ್ರಿ, ಮನ್ಯಾಗಿನ ಬಾಲ್‌ಪೆನ್ ನಡೀತೈತಿ. ನಮಗ ಕಳಸ್ರಿ, ಛಾಪಸ್ತೀವಿ, ಬಹುಮಾನ ಗಿಹುಮಾನ ಇಲ್ಲ. ಆಕೀವು ಮಾತ್ರ ಆಕಿನ್ನ ಕೇಳದ ಕಳಸಬ್ಯಾಡ್ರಿ.